ಎರಡು ನಿಮಿಷ ಹನ್ನೊಂದು ಸೆಕೆಂಡು

ಎಣ್ಣೆ ಹಚ್ಚದೆ ಬಾ ಅಂದಿದ್ದೆ, ಹಚ್ಚಿಕೊಂಡೇ ಬಂದಳು
ಕಸ್ತೂರಿ ಹತ್ತರಕಿ, ಇಪ್ಪತ್ತೊಂಬತ್ತು, ಸಿಟಿ ಬಸ್ಸಿನ ಕಂಡಕ್ಟರು.
ಆರು ತಿಂಗಳಿಂದ ಬಸ್ಸು ಹತ್ತಿಸಿಲ್ಲ,
ಡಿಪೋದಲ್ಲಿ ಕೂತು ಚೀಲ ಎಣಿಸುತ್ತಾಳೆ.
ಎರಡು ಸಲ ಶಾಂಪೂ ಹಾಕಿ ತಿಕ್ಕಿದೆ.
ಬೈತಲೆ ತೆಗೆದು, ಟೇಪು ಹಿಡಿದು
ಮೂಗಿನ ಬುಡದಿಂದ ಹೆಡಕಿನ ಗುಬಟಿನ ತನಕ ಅಳೆದು
ಕೆಂಪು ಪೆನ್ಸಿಲ್ಲಿನಲ್ಲಿ ಗುರುತಿಟ್ಟೆ.
"ರಂಗೋಲಿ ಹಾಕಾಕತ್ತೀರೇನ್ರಿ ಅಕ್ಕಾರ?"
ಇಪ್ಪತ್ತೊಂದು ಚುಕ್ಕಿ.
ಗೆರೆ ಎಳೆಯುವುದು ನನ್ನ ಕೆಲಸವಲ್ಲ.

ಪುಣೆಯ ಏರಂಡವಣೆ, ನಾಲ್ಕನೇ ಮಹಡಿ.
ಯಾರೂ ಬೇಡ ಅನ್ನುವುದನ್ನು ಇಲ್ಲಿ ಕಾಯುತ್ತೇವೆ.
ಗುಳಿಗೆ ಮೊದಲ ದಿನ ಅರ್ಧ, ಮರುದಿನ ಕಾಲು,
ನಿನ್ನೆಯಿಂದ ಇಲ್ಲವೇ ಇಲ್ಲ.
ನಿದ್ದೆಗೂ ಕತ್ತರಿ. ರಾತ್ರಿ ಎರಡರ ತನಕ
ಇಸ್ಪೀಟು, ಚಕ್ಕಳಿ, ಮರಾಠಿ ಸೀರಿಯಲ್ಲು.
ಅವಳ ಗಂಡ ನನಗೆ ಕಾಣದ ಹಾಗೆ
ದಿಂಬಿನ ಕೆಳಗೆ ಕಬ್ಬಿಣದ ಬೀಗದಕೈ ಗೊಂಚಲು ತುರುಕಿದ.
ನಾನು ತಂತಿ ಸರಿಮಾಡುತ್ತ ಬೇರೆ ಕಡೆ ನೋಡಿದೆ.

ಬರಲಿ, ಬಂದುಬಿಡಲಿ.
ಬಾರದಿದ್ದರೆ ನಾಳೆಗೂ ಹಾಸಿಗೆಯ ಬಾಡಿಗೆ.
ಸಂಬಳ ತೆಗೆದುಕೊಂಡು ಒಬ್ಬರು ಬೀಳಲಿ ಎಂದು ಹಾರೈಸುವುದು—
ಹದಿನಾಲ್ಕು ವರ್ಷ ಮಾಡಿದ್ದೇನೆ.
ಮನೆಯಲ್ಲಿ ಈ ಮಾತು ಆಡಿಲ್ಲ.

ಮೂರು ಹದಿನೇಳು. ಇಪ್ಪತ್ತನೇ ಸೆಕೆಂಡು.
ಎಡಗಿವಿಯ ಮೇಲಿನ ಗೆರೆ, ಟಿ ಮೂರು,
ಚಳಿಗೆ ಹಲ್ಲು ಕಟಕಟಿಸಿದಂತೆ ನಡುಗಿತು.
ಪರದೆಯೊಳಗೆ ಅವಳು ಎದ್ದು ಕೂತಳು.
"ಸುಟ್ಟ ವಾಸನಿ," ಅಂದಳು. ತುಟಿ ಚಪ್ಪರಿಸಿದಳು.
ಗುಂಡಿ ಒತ್ತಿ ಓಡಿದೆ.

ಬಲಗೈ ಆಗಲೇ ಸೊಟ್ಟ, ಬೇರೆ ಯಾರದೋ ಕೈ.
ಎಡಗೈ ಬೆರಳು ಮಾತ್ರ ಕೆಲಸದ ಮೇಲೆ:
ಹೊದಿಕೆಯಿಂದ ಹರಿಯುತ್ತಿವೆ, ಹರಿಯುತ್ತಿವೆ
ಇಲ್ಲದ ಟಿಕೀಟು, ನಿಲ್ಲದ ಪ್ರಯಾಣಿಕರಿಗೆ.
ಮಗ್ಗಲಿಗೆ ಹೊರಳಿಸಿದೆವು. ಅದುಮಲಿಲ್ಲ.
ಬಾಯಿಗೆ ಏನೂ ತುರುಕಲಿಲ್ಲ.
ಸಿಸ್ಟರ್ ಜಾಸ್ವಂದಿ ಕಿವಿಯ ಹತ್ತಿರ
ನೀಲಿ ಆನೆ, ನೀಲಿ ಆನೆ, ನೆನಪಿಟ್ಟುಕೋ ಅಂದಳು.
ಯಾವ ಆನೆಯೂ ಒಳಗೆ ಹೋಗಲಿಲ್ಲ.

ಮೂರು ಹತ್ತೊಂಬತ್ತು, ಮೂವತ್ತೊಂದು. ಗೆರೆಗಳೆಲ್ಲ
ಒಮ್ಮೆಲೇ ಮಲಗಿದವು.

ನಾವ್ ಕಾಯ್? ಎಂದು ಸಿಸ್ಟರ್. ಹೆಸರಿಲ್ಲ.
ಆರು ನಿಮಿಷ ಮಾತಿಲ್ಲ.
ಏಳನೆಯದಕ್ಕೆ ಕನ್ನಡ ಬಂತು,
ಮರಾಠಿ ಇನ್ನೂ ಡಿಪೋ ಬಿಟ್ಟಿರಲಿಲ್ಲ.
"ಚಿಲ್ರಿ ಕೊಟ್ಟೆನೇನ್ರಿ?
ಆ ಮುದುಕಿಗೆ ಚಿಲ್ರಿ ಕೊಟ್ಟೆನೇನ್ರಿ?"
ಸಿಸ್ಟರ್ ನನ್ನ ಮುಖ ನೋಡಿದಳು. ಕೊಟ್ಟಿ ತಂಗಿ, ಅಂದೆ.
ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.

ಬೆಳಿಗ್ಗೆ ಡಾಕ್ಟರ್ ಪರ್ಣವಿ ಗೆರೆ ಎಳೆದರು.
ನಾನು ತಿಳಿದದ್ದು: ಎಲ್ಲ ಸೇರಿ ಒಂದೇ ಬಾಯಲ್ಲಿ
ಕಿರುಚುವುದೇ ಮೂರ್ಛೆ ಎಂದು.
ಇಲ್ಲ, ನೋಡಿ, ಎಂದರು.
ಶುರುವಿಗೆ ಗೆರೆ ಕಡಿಯುತ್ತವೆ. ಚುಕ್ಕಿ ಚುಕ್ಕಿ ಒಂಟಿ,
ಮುನಿಸಿಕೊಂಡ ಓಣಿಯ ಬಾಗಿಲುಗಳ ಹಾಗೆ.
ಕೊನೆಯ ಇಪ್ಪತ್ತು ಸೆಕೆಂಡು
ಪ್ರತಿ ಚುಕ್ಕಿಯಿಂದ ಪ್ರತಿ ಚುಕ್ಕಿಗೆ ಗೆರೆ,
ಪರದೆ ಕಪ್ಪಿಡುವಷ್ಟು. ಆಮೇಲೆ ಖಾಲಿ.
ಸೇರಿದ್ದಕ್ಕೆ ನಿಂತಿತೋ, ನಿಲ್ಲಲೆಂದು ಸೇರಿತೋ?
ಪರ್ಣವಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.
ಗೊತ್ತಿಲ್ಲ. ಹನ್ನೆರಡು ಜನರದ್ದು ನೋಡಿದೆ,
ಏಳರಲ್ಲಿ ಹೀಗೆ. ಐದರಲ್ಲಿ ಏನೂ ಹೇಳಲಾರೆ.

"ಬಂದಿತ್ತೇನ್ರಿ?" ಕಸ್ತೂರಿ ಕೇಳಿದಳು.
ಬಂದಿತ್ತು.
"ಹಂಗಾರ ಛಲೋ ಆತು," ಎಂದು
ಪಾಸಾದವಳ ಹಾಗೆ ನಕ್ಕಳು. ನಾಲಿಗೆಯ ಅಂಚು
ಕಡಿದು ಕೆಂಪಾಗಿತ್ತು.
ಕೂದಲಿನ ಅಂಟು ಬಿಡಿಸಿ ಬಾಚಿ ಜಡೆ ಹಾಕಿಕೊಟ್ಟೆ,
ಅದೂ ನನ್ನ ಕೆಲಸವಲ್ಲ.

ಅವರು ಹೋದ ಮೇಲೆ ಚಾದರ ಎಳೆದೆ.
ಗೊಂಚಲು ಟಣ್ಣೆಂದು ನೆಲಕ್ಕೆ ಬಿತ್ತು.
ಎತ್ತಿಕೊಂಡೆ. ರಾತ್ರಿಯಿಡೀ ತಲೆ ಹೊತ್ತ ಕಬ್ಬಿಣ,
ಇನ್ನೂ ಬೆಚ್ಚಗಿದೆ.
ಮನೆ ಹೇಗೆ ತೆಗೆಯುತ್ತಾರೆ ಇವರು?
ಲಿಫ್ಟು ಆರನೆಯದರಲ್ಲಿ ನಿಂತಿತ್ತು.
ಮೆಟ್ಟಿಲಿಳಿದೆ, ಚಪ್ಪಲಿ ಕೈಯಲ್ಲಿ ಹಿಡಿದು,
ಕಸ್ತೂರೀ ಎಂದು ಕೂಗುತ್ತ, ಕನ್ನಡದಲ್ಲೇ.