ಮುಚ್ಚಳ

ಹನ್ನೊಂದು ದಿನದಿಂದ ಊಟದ ಮೇಜು ಅವನದೇ.
ಬೀಟ್ರೂಟ್ ಸಾರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಉಣ್ಣುತ್ತೇವೆ.
ಹೊರಗೆ ತಗೀಲಿನ ಹಿಮ; ಕಾರ್ಖಾನೆಯ ಹೊಗೆಗೆ ಅದೂ ಬೂದು.

ಪೆಟ್ಟಿಗೆಯ ತುಂಬ ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳು,
ರೂಬಲ್ ನಾಣ್ಯದಷ್ಟು ಚಕ್ರ, ಸಾಸಿವೆಯಷ್ಟು ಕೊಂಡಿ.
ನೆಲಕ್ಕೆ ಬಿದ್ದ ಒಂದನ್ನು
ಮಂಡಿಯೂರಿ ಹುಡುಕಿದವಳು ನಾನು.
ಕನ್ನಡಕವಿದ್ದೂ ಕಾಣದವನಿಗೆ ಇದೆಂಥ ಚಟ!

"ಮೂವತ್ತೈದರಲ್ಲಿ ಒಂದು ಪಾಲು" ಅಂತಾನೆ ವೆನಿಯಾಮಿನ್,
ಇಪ್ಪತ್ತಾರು ವರ್ಷ ಇಡೀ ಪಾಲನ್ನೇ ಮಾಡಿದವನು.
ಸೂಜಿ ಕಾಯಿಸಿ ಗೋಪುರದ ಅಂಚಿಗೆ ಬೆಸುಗೆಯ ಗೆರೆ ಎಳೆಯುತ್ತಾನೆ.
"ಇಲ್ಲಿ ಇವರು ತಪ್ಪಿದ್ದಾರೆ," ಗೊಣಗು,
"ನಮ್ಮ ಬೆಸುಗೆ ಇಷ್ಟು ನಯ ಇರಲಿಲ್ಲ."

ಅಂಟಿನ ವಾಸನೆಗೆ ಬೆಕ್ಕು ಬಚ್ಚಲಿಗೆ ವಾಸ ಬದಲಿಸಿದೆ.

ನಿನ್ನೆ ರಾತ್ರಿ ಇಪ್ಪತ್ತೇಳನೆಯ ಚಿತ್ರಕ್ಕೆ ಬಂದು ನಿಂತ.
ಮುಚ್ಚಳ: ತೆರೆದು ಅಂಟಿಸಬಹುದು, ಮುಚ್ಚಿಯೂ.
ತೆರೆದರೆ ಒಳಗೆ ಆಸನವಿಲ್ಲ, ಆಳಿಲ್ಲ,
ಬರೀ ಕತ್ತಲು, ತಳದಲ್ಲಿ ಮಾಡಿದವರ ಹೆಸರು.

ಕೆಳಮನೆಯ ಅಗ್ನಿಯಾಳ ಮಗ ಸವೇಲಿ
ಇಂಥದರಲ್ಲೇ ಚಾಲಕ.
ಮೆಟ್ಟಿಲಲ್ಲಿ ಸಿಕ್ಕಾಗ ಒಮ್ಮೆ ಕೇಳಿದ್ದಳು:
"ಮುಚ್ಚಳದ ತಪಾಸಣೆ ನೀವೇ ಅಲ್ಲವೇ ಮಾಡುತ್ತಿದ್ದದ್ದು?
ಒಳಗಿನಿಂದ ತೆಗೆಯಲು ಎಷ್ಟು ಹೊತ್ತು ಬೇಕು?"

ಸೆಕೆಂಡುಗಳ ಲೆಕ್ಕ ಹೇಳಿದ್ದ. ಸರಿಯಾದ ಲೆಕ್ಕ.
ಅವಳು ಥ್ಯಾಂಕ್ಸ್ ಹೇಳಿ, ಆಲೂಗಡ್ಡೆ ಚೀಲ ಎತ್ತಿಕೊಂಡು
ಇಳಿದುಹೋಗಿದ್ದಳು.

ಈಗ ಟ್ಯಾಂಕು ಬ್ರೆಡ್ಡಿನ ಡಬ್ಬಿಯ ಪಕ್ಕ ಒಣಗುತ್ತಿದೆ.
ಮುಚ್ಚಳಕ್ಕೆ ಅಂಟು ಹಾಕಿಲ್ಲ, ಸುಮ್ಮನೆ ಇಟ್ಟಿದ್ದಾನೆ.
ಧೂಳು ಒರೆಸುವಾಗ ಉದುರೀತು, ಎಂದೆ.
"ಉದುರಲಿ," ಎಂದ.
ಸ್ವಲ್ಪ ಹೊತ್ತು ಬಿಟ್ಟು, "ಮೆಲ್ಲಗೆ ಒರೆಸು."