ಬಿಳಿ ಬಾವುಟ

ಮೂರು ಊರು ಸುತ್ತಿದೆ ಒಂದು ಕುದುರೆಗಾಗಿ.
ಮೊದಲನೆಯದಕ್ಕೆ ಕಣ್ಣಲ್ಲಿ ಪೊರೆ.
ಎರಡನೆಯದು ಕಚ್ಚುತ್ತಿತ್ತು, ಯಜಮಾನನ ಬಾಯಿಯೂ ಹಾಗೇ.
ಮೂರನೆಯದು ಸೆಂಕು ಹೊಳೆಯಾಚೆ, ಕಲ್ಲಿನ ದೊಡ್ಡಿಯಲ್ಲಿ,
ಬೀಸುವ ಹಿಮಕ್ಕೆ ಬೆನ್ನು ಹಾಕಿ ನಿಂತಿತ್ತು
ಸಾಲ ಕೊಟ್ಟವನ ಮುಂದೆಯೂ ಮುಖ ಬಾಡದವನ ಹಾಗೆ.

ಮಾರುವವರು ಇಬ್ಬರು.
ಮಾತೆಲ್ಲ ರಮೊಹಾಪಿಯದು, ಕುದುರೆ ಅವನ ಅತ್ತಿಗೆಯದು.
ಅವಳು ಕಪ್ಪು ಬಟ್ಟೆಯಲ್ಲಿ ಹೊಸ್ತಿಲ ಮೇಲೆ ಕೂತು
ಮೊರದಲ್ಲಿ ಒಣ ಬಟಾಣಿ ಆರಿಸುತ್ತಿದ್ದಳು.

ನಾನು ಸೂಲಗಿತ್ತಿ. ನೋಯುವ ಮೈಗಳನ್ನು ಮುಟ್ಟಿ ಮುಟ್ಟಿ
ಕೈಗೆ ನಾಚಿಕೆ ಉಳಿದಿಲ್ಲ.
ತುಟಿ ಎತ್ತಿ ಹಲ್ಲು ನೋಡಿದೆ. ಒಂಬತ್ತು ತುಂಬಿದೆ.
"ಏಳು," ಅಂದ ರಮೊಹಾಪಿ.
"ಹಾಗಾದರೆ ಪಾಪ, ಎರಡು ವರ್ಷ ಮೊದಲೇ ಹುಟ್ಟಿಬಿಟ್ಟಿದೆ," ಅಂದೆ.
ಬಟಾಣಿಯ ಕೈ ಒಂದು ಗಳಿಗೆ ನಿಂತು
ಮತ್ತೆ ನಡೆಯಿತು.

ಗೊರಸು ಗಟ್ಟಿ, ಲಾಳ ಕಂಡದ್ದೇ ಇಲ್ಲ.
ಹತ್ತಿ ಕೂತೆ. ನಡಿಗೆಯೂ ಅಲ್ಲ, ಓಟವೂ ಅಲ್ಲ,
ನಡುವಿನದೊಂದು ಜಾರುವ ಚಾಲು;
ಮಡಿಲಲ್ಲಿ ತುಂಬಿದ ಚೊಂಬಿದ್ದರೂ ತುಳುಕದು.
ಇಂಥದ್ದೇ ಬೇಕಿತ್ತು ನನಗೆ. ಬೇಕು ಅನ್ನುವುದನ್ನು
ಮುಖಕ್ಕೆ ಬರಗೊಡದೆ ಇಳಿದೆ.

ಎಂಟು ಸಾವಿರ ಮಾಲೋಟಿ ಅಂದ. ಐದು ಅಂದೆ.
ಅವನು ಟೋಪಿ ತೆಗೆದು ಆಕಾಶಕ್ಕೆ ತೋರಿಸಿದ.
ನಾನು ಕಡಿವಾಣ ಕೈಬಿಟ್ಟು ದಾರಿ ಕಡೆ ಹತ್ತು ಹೆಜ್ಜೆ ಹಾಕಿದೆ,
ಹನ್ನೊಂದನೆಯದಕ್ಕೆ ಕರೆದ.
ಆರೂವರೆ. ಮೇಲೆ ನನ್ನ ಹೆಗಲ ಹಸಿರು ಕಂಬಳಿ.

ಊರ ಒಡತಿಯ ಮುದ್ರೆ ಬಿದ್ದ ಚೀಟಿ ಮಡಚುತ್ತ
"ಚಟಗಿಟ ಏನಾದರೂ?" ಕೇಳಿದೆ.
"ಛೆ," ಅಂದ.
ಅವಳು ಮೊರದಿಂದ ಕಣ್ಣೆತ್ತದೆ
"ಅದಕ್ಕೆ ದಾರಿ ಗೊತ್ತು," ಅಂದಳು.
ಅವತ್ತು ಅವಳು ಆಡಿದ್ದು ಅಷ್ಟೇ.

ನಮ್ಮ ಬೆಟ್ಟಗಳಲ್ಲಿ ಬಿದಿರ ಗಳಕ್ಕೆ ಬಿಳಿ ಬಟ್ಟೆ ಕಟ್ಟಿದ್ದರೆ
ಆ ಮನೆಯಲ್ಲಿ ಜೋಳದ ಹೆಂಡ ಹದಕ್ಕೆ ಬಂದಿದೆ ಎಂದು.
ಮೊದಲ ಬಾವುಟದ ಮುಂದೆ ಕುದುರೆ ನಿಂತಿತು.
ಒದ್ದೆ, ಬೈದೆ, ಬೇಡಿಕೊಂಡೆ. ಕಿವಿ ಕೂಡ ಅಲುಗಲಿಲ್ಲ.
ಒಂದು ಡಬ್ಬಿ ಕುಡಿದು ಮುಗಿಸುವಷ್ಟು ಹೊತ್ತು ಕಾದು
ತಾನೇ ಹೊರಟಿತು.
ಎರಡನೆಯ ಬಾವುಟ. ಅಲ್ಲೂ ಅಷ್ಟೇ ಹೊತ್ತು, ಅಳೆದ ಹಾಗೆ.

ಮೂರನೆಯ ಮನೆಯಿಂದ ಗಂಡಸರು ಎದ್ದು ಬಂದರು,
"ಲೆಫಾ! ಬಂದೆಯಾ ಲೆಫಾ!" ಅನ್ನುತ್ತ.
ಆಮೇಲೆ ತಲೆಯೆತ್ತಿ ಜೀನಿನ ಮೇಲೆ ನನ್ನನ್ನು ಕಂಡರು.
ಒಬ್ಬೊಬ್ಬರಾಗಿ ಟೋಪಿ ಕೆಳಗಿಳಿಯಿತು.
ಅಷ್ಟರಲ್ಲಿ ಮನೆಯವಳು ರೂಢಿಯಂತೆ ಡಬ್ಬಿ ತುಂಬಿ ತಂದು
ಸವಾರನ ಕೈ ಸಿಗುವ ಎತ್ತರಕ್ಕೆ ಹಿಡಿದುಬಿಟ್ಟಿದ್ದಳು.
ನಾನು ಕುಡಿಯುವವಳಲ್ಲ.
ಆದರೆ ಹಿಂದಕ್ಕೆ ಹೇಗೆ ಕಳಿಸಲಿ ಆ ಕೈಯನ್ನು?
ಕುಡಿದೆ. ಹುಳಿ ಮೂಗಿಗೆ ಹತ್ತಿತು.
ಯಾರೋ ಕುದುರೆಯ ಹಣೆಗೆ ಹಣೆ ಇಟ್ಟು ನಿಂತಿದ್ದರು.

ಈಗ ಹೆರಿಗೆಗೆ ಕರೆ ಬಂದರೆ ಬಂಡೆದಾರಿ ಹಿಡಿಯುತ್ತೇನೆ,
ಅಲ್ಲಿ ಮನೆಯಿಲ್ಲ, ಬಾವುಟವಿಲ್ಲ, ಬರೀ ಗಾಳಿ.
ಮಗು ಅತ್ತ ಮೇಲೆ, ಕೈ ತೊಳೆದ ಮೇಲೆ,
ವಾಪಸು ಬರುವಾಗ ಲಗಾಮು ಸಡಿಲ ಬಿಡುತ್ತೇನೆ.
ಅದರ ಲೆಕ್ಕ ಅದು ಮುಗಿಸಿಕೊಳ್ಳಲಿ.

ಪೀಚ್ ಮರ ಹೂಬಿಟ್ಟ ತಿಂಗಳು
ಹೀಗೇ ಬಿಟ್ಟಾಗ ಅದು ಹೊಸದೊಂದು ಓಣಿಗೆ ತಿರುಗಿ
ಬಾವುಟವೇ ಇಲ್ಲದ, ಗಳವೂ ಇಲ್ಲದ ಮನೆಯೆದುರು ನಿಂತಿತು.
ಡಬ್ಬಿ ಕುಡಿಯುವ ಹೊತ್ತಲ್ಲ. ಅರ್ಧ ಮಧ್ಯಾಹ್ನ.
ಬಾಗಿಲು ತೆರೆದು ಹೆಂಗಸೊಬ್ಬಳು ಬಂದು
ನನ್ನನ್ನಲ್ಲ, ಕುದುರೆಯನ್ನು ನೋಡಿದಳು.
ಒಳಹೋಗಿ ಚಿಲಕ ಹಾಕಿಕೊಂಡಳು.

ಹೊಳೆಯಾಚೆಯವಳಿಗೆ ನಾನು ಇದನ್ನು ಹೇಳಿಲ್ಲ.
ಹಸಿರು ಕಂಬಳಿ ಹೊದ್ದು ಸಂತೆಯಲ್ಲಿ ಸಿಕ್ಕಿದ್ದಳು,
"ಹೇಗಿದೆ?" ಅಂದಳು.
"ಚೆನ್ನಾಗಿದೆ," ಅಂದೆ.
ಇನ್ನೂ ಏನೋ ಕೇಳುವವಳ ಹಾಗೆ ನಿಂತು,
ಬಟಾಣಿಯ ಬೆಲೆ ಕೇಳಿ
ಹೋದಳು.