ಇನ್ನೂರ ಹದಿನಾಲ್ಕು ಕಂಬಿಗಳು

ನಾಲ್ಕು ಸಾವಿರ ಲಾರಿ ಇದೆ ಕೈಯಲ್ಲಿ.
ಟಿಬಿಲಿಸಿಯಲ್ಲಿ ಅದು ದುಡ್ಡಿನ ಹೆಸರು,
ಹೊರೆ ಹೊರುವ ಗಾಡಿಯದಲ್ಲ;
ಆದರೂ ತೆಕ್ಲಾಗೆ ಹೆಗಲು ಭಾರ.

ಹಳೆಯ ಕಂಪ್ಯೂಟರು ನಿನ್ನೆ ಮನೆಯೊಂದನ್ನು ತಿರುಗಿಸಲು ಹೋಗಿ
ಅರ್ಧಕ್ಕೇ ನಿಂತಿತು.
ಮೂರಂತಸ್ತಿನ ಮನೆ, ಸೊಲೊಲಾಕಿಯ ಇಳಿಜಾರಿನದು,
ಗೋಡೆ ಬಿರಿದು ಕಬ್ಬಿಣದ ಊರುಗೋಲು ಹಿಡಿದದ್ದು,
ಪರದೆಯ ಮೇಲೂ ಹಾಗೇ ವಾಲಿಕೊಂಡು ಉಳಿಯಿತು,
ಮೂಲೆಯಲ್ಲಿ ಪುಟ್ಟ ಚಕ್ರ ಸುತ್ತುತ್ತ, ಸುತ್ತುತ್ತ.
ಫ್ಯಾನಿನ ಅಬ್ಬರಕ್ಕೆ ಬೆಕ್ಕು ಎದ್ದು ಹೋಯಿತು.

ಲಿಲೋ ಸಂತೆಯಲ್ಲಿ ಗೊದೆರ್ಜಿ, ಗಡ್ಡದಲ್ಲಿ ರೊಟ್ಟಿ ಚೂರು,
ಗಾಜಿನ ಪೆಟ್ಟಿಗೆಯೊಂದನ್ನು ಹೊತ್ತಿಸಿದ:
ಕೆಂಪು, ನೀಲಿ, ಮತ್ತೆ ಕೆಂಪು.
"ಇಪ್ಪತ್ತನಾಲ್ಕು ಕೋರು, ಮೇಡಂ. ಮಗನ ಆಟಕ್ಕೂ ಆಯ್ತು."
"ಮಗ ಇಲ್ಲ. ಮನೆ ಇದೆ. ಬೀಳೋ ಮನೆ."

ದೀಪ ಆರಿಸಿದ. ಸ್ಟೂಲು ಎಳೆದು ಕೂತ.
ಆಮೇಲೆ ಆಡಿದ್ದು ಮಾರುವವನ ಮಾತಾಗಿರಲಿಲ್ಲ.
"ಗೋಡೆ ಎತ್ತುವಾಗ, ಕಿಟಕಿ ಕೊರೆಯುವಾಗ
ದುಡಿಯೋದು ಒಂದೇ ಕೋರು.
ಮಿಕ್ಕ ಇಪ್ಪತ್ಮೂರು ಮದುವೆ ಮನೆ ನೆಂಟರು,
ಚಿತ್ರ ಬೇಯಿಸೋ ಹೊತ್ತಿಗೆ ಏಳ್ತಾರೆ.
ಆ ಒಂದು ಚುರುಕಾಗಿರಲಿ.
ಮೆಮೊರಿಗೆ ಜಿಪುಣತನ ಬೇಡ, ಅರವತ್ನಾಲ್ಕು ಹಾಕಿ.
ಗ್ರಾಫಿಕ್ಸ್ ಕಾರ್ಡು ನಡುವಿನದು ಸಾಕು.
ರಾತ್ರಿಯೆಲ್ಲ ಅದು ಬೇಯಿಸಲಿ, ನೀವು ಮಲಗಿ.
ಈಗ ಆ ಫೈಲು ತೋರಿಸಿ."

ನೋಡಿದ. ಹುಬ್ಬು ಗಂಟಾಯಿತು.
"ಎತ್ತಿಗೆ ಬೈತೀರಲ್ಲ,
ಬಂಡೆ ಹೇರಿದ್ದು ನೀವೇ."

ಮನೆಗೆ ಬಂದು ಬಿಚ್ಚಿದಳು ಕಡತವನ್ನು,
ಒಗೆಯಲು ಹಾಕಿದ ಗಂಟಿನ ಹಾಗೆ.
ಯಾವತ್ತೋ ಇಳಿಸಿಕೊಂಡ ಸೋಫಾ.
ಒಂದು ಮರ, ಎಲೆಎಲೆಗೂ ನರ.
ನೆಲಮಾಳಿಗೆಯಲ್ಲಿ ಗೋಡೆಗೆ ಮುಖ ಮಾಡಿ
ಏಳು ಜನ ದಾರಿಹೋಕರು, ಯಾರು ಕರೆದರೋ.
ಅಳಿಸಿದಳು.
ಒಬ್ಬಾಕೆಯ ಕೊಡೆ ಚೆನ್ನಾಗಿತ್ತು. ತುಸು ತಡೆದು
ಅದನ್ನೂ ಅಳಿಸಿದಳು.

ಉಳಿದದ್ದು ಮರದ ಮೊಗಸಾಲೆ.
ಅದರ ಕಟಾಂಜನಕ್ಕೆ ಇನ್ನೂರ ಹದಿನಾಲ್ಕು ಕಡಚಲು ಕಂಬಿ.
ಚಳಿಗಾಲ ಪೂರ್ತಿ ಅಳೆದು ಅಳೆದು
ಒಂದೊಂದನ್ನೂ ಬೇರೆಬೇರೆಯಾಗಿ ಕೆತ್ತಿದ್ದಳು.
ಜಾಣತನ ಹೇಳುತ್ತದೆ: ಒಂದನ್ನು ಕೆತ್ತು,
ಮಿಕ್ಕವಕ್ಕೆ ಅದರ ವಿಳಾಸ ಕೊಡು;
ಯಂತ್ರ ನೆನಪಿಡುವುದು ಒಂದನ್ನೇ,
ನಿಲ್ಲಿಸುವುದು ಎಲ್ಲ ಕಡೆ.

ಕೊಡುತ್ತ ಹೋದಳು.
ಐವತ್ತೊಂದನೆಯದು ಸ್ಟವ್ ಉರಿದು ಕರಕಾದದ್ದು.
ನೂರಾ ಆರು ಕಂಬಿಯೇ ಅಲ್ಲ, ಸನಿಕೆಯ ಹಿಡಿ:
ಕರೆಂಟಿಲ್ಲದ ಆ ವರ್ಷಗಳಲ್ಲಿ ಮೂಲದ್ದು ಒಲೆಗೆ ಹೋಗಿ
ಎಲ್ದಾರ್ ಇದನ್ನು ಕೊಯ್ದು ಕೂರಿಸಿದ್ದ.
ಇನ್ನೂರ ಎರಡರ ಮೇಲೆ ಹಲ್ಲಿನ ಗುರುತು,
ಯಾವ ಮಗುವಿನದೋ, ಈಗ ಎಷ್ಟು ದೊಡ್ಡವರೋ.
ಈ ಮೂರಕ್ಕೆ ವಿಳಾಸ ಬರೆಯಲಾಗಲಿಲ್ಲ.
ಇರಲಿ, ಅಷ್ಟು ಭಾರ.

ಹೊಸ ಯಂತ್ರ ಬಂದ ಶನಿವಾರ
ಮೇಲಿನ ಮನೆಯ ತ್ಸಿಯಾಲಾ ಇಳಿದು ಬಂದಳು
ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ.
ಮನೆ ತಿರುಗಿತು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ:
ಮಾಡು, ಮೆಟ್ಟಿಲು, ಅಂಗಳ, ಮತ್ತೆ ಮಾಡು.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.
ಸನಿಕೆಯ ಹಿಡಿಯ ಹತ್ತಿರ ಬೆರಳು ನಿಂತಿತು.
ಅದರ ಬಗ್ಗೆ ಏನೂ ಅನ್ನಲಿಲ್ಲ.
"ನನ್ನ ಬಟ್ಟೆ ಹಗ್ಗ ಎಲ್ಲಿ?"

ತೆಕ್ಲಾ ಎಳೆದಳು, ಮೊಗಸಾಲೆಯಿಂದ ಎದುರು ಗೋಡೆಯ ರಾಟೆಗೆ
ಹನ್ನೆರಡು ಬಿಂದುಗಳ ಒಂದು ಗೆರೆ.
"ಅಷ್ಟು ಬಿಗಿ ಬೇಡ," ಅಂದಳು ಮುದುಕಿ,
"ಜೋಲಲಿ. ಬಟ್ಟೆ ಇನ್ನೂ ಒದ್ದೆ."

ಜೋಲಿಸಿದಳು.
ಫ್ಯಾನು ಸದ್ದೇ ಮಾಡಲಿಲ್ಲ.